ನಿತ್ಯದ ತಲೆನೋವಿನ ಮೂಲವನ್ನು ಅರಸುವ ಬಗೆ

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಲ್ಲಿ ಪ್ರೌಢಶಾಲೆಯ ಹುಡುಗಿಯೊಬ್ಬಳಿಗೆ ನಾಲ್ಕು ತಿಂಗಳಿಂದ ದಿನವೂ ತಲೆನೋವೆಂದು ಭಾವಿಸೋಣ. ‘ಓದಿಗೆ ಅಂಜಿ ಹೂಡಿದ ನೆಪ’ ಎನ್ನುವರು ಕೆಲವರು. ‘ಮಿದುಳಿನಲ್ಲಿ ಗಡ್ಡೆಯಿರಬಹುದು’ ಎಂದು ಬೆದರುವರು ಕೆಲವರು. ಎರಡೂ ಆತುರದ ಮಾತುಗಳೇ.

ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನವಾದರೂ ಕಾಡುವ ನೋವಿಗೆ ನಿತ್ಯದ ತಲೆನೋವೆಂದು ಹೆಸರು. ಇದು ಲಕ್ಷಣವೇ ಹೊರತು ರೋಗದ ನಿರ್ಣಯವಲ್ಲ. ಇದರ ಹಿಂದೆ ಹೆಚ್ಚಾಗಿ ಅಡಗಿರುವುದು ಮೈಗ್ರೇನ್ ಅಥವಾ ಬಿಗಿತದ ತಲೆನೋವು. ಕರ್ನಾಟಕದಲ್ಲಿ 2,329 ವಯಸ್ಕರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿದ್ದುದು ಕಂಡುಬಂದಿತು.

ಮೈಗ್ರೇನನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರೋಗಿಯ ವೃತ್ತಾಂತವೇ ವೈದ್ಯರಿಗೆ ಮುಖ್ಯ ಆಧಾರ. ಆದುದರಿಂದ ಒಂದು ನೋಟುಪುಸ್ತಕದಲ್ಲಿ ನೋವು ಬಂದ ವೇಳೆ, ಬದಿ, ವಾಕರಿಕೆ, ನಿದ್ರೆ, ತಪ್ಪಿದ ಊಟ, ಮುಟ್ಟಿನ ದಿನ, ನುಂಗಿದ ಮಾತ್ರೆ ಇವನ್ನು ಬರೆದಿಡಬೇಕು. ಈ ಲೆಕ್ಕ ಕೆಲವೊಮ್ಮೆ ವಿಚಿತ್ರ ಸತ್ಯವನ್ನು ಹೊರಗೆಡಹುತ್ತದೆ: ಸಾಮಾನ್ಯ ನೋವಿನ ಮಾತ್ರೆಯನ್ನೂ ತಿಂಗಳಿಗೆ 15 ದಿನ ನುಂಗುತ್ತ ಬಂದರೆ, ಮಾತ್ರೆಯೇ ನೋವನ್ನು ನಿತ್ಯವಾಗಿಸಬಲ್ಲುದು!

ವೈದ್ಯರು ರಕ್ತದ ಒತ್ತಡವನ್ನು ಅಳೆದು, ಕಣ್ಣಿನ ಒಳಪರದೆಯನ್ನು ಪರೀಕ್ಷಿಸುತ್ತಾರೆ. ತಲೆಬುರುಡೆಯೊಳಗಿನ ಒತ್ತಡ ಏರಿದ್ದರೆ ಅಲ್ಲಿ ಊತ ಕಾಣಬಹುದು. ಮುಂಜಾನೆಯ ನೋವಿನೊಡನೆ ವಾಂತಿ, ಇಮ್ಮಡಿ ದೃಷ್ಟಿ, ಸೆಳವು, ಕೈಕಾಲುಗಳ ನಿಶ್ಶಕ್ತಿ, ಜ್ವರದೊಡನೆ ಕತ್ತಿನ ಪೆಡಸು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ನೆರವಾಗುವುದು ಇಂತಹ ವೇಳೆಯಲ್ಲಿ.

ಸ್ಕ್ಯಾನ್ ಯಂತ್ರ ದೂರದ ಪಟ್ಟಣದಲ್ಲಿರಬಹುದು. ನೋಟುಪುಸ್ತಕವಾದರೋ ಹುಡುಗಿಯ ಶಾಲಾಚೀಲದಲ್ಲಿಯೇ ಇದೆ. ಅವಳ ಮಾತನ್ನು ನಂಬಿ ಆಲಿಸುವುದೇ ನಿರ್ಣಯದ ಮೊದಲ ಮೆಟ್ಟಿಲು.