ಸುಣ್ಣಭೂಮಿಯ ಕಿತ್ತಳೆಗೆ ಮೆಗ್ನೀಸಿಯಂ

ಮಣ್ಣಿಗೆ ಹಾಕಿದುದೆಲ್ಲ ಮರಕ್ಕೆ ಸೇರುವುದೆಂದು ನಾವು ಎಣಿಸಲಾಗದು. ಎಲೆಯ ಪತ್ರಹರಿತ್ತಿಗೆ ಮೆಗ್ನೀಸಿಯಂ ಅತ್ಯವಶ್ಯಕ. ಅದು ಸಾಲದಾದಾಗ ಕಿತ್ತಳೆಯ ಬಲಿತ ಎಲೆಗಳು ಮೊದಲು ಹಳದಿಯಾಗುತ್ತವೆ. ತೊಟ್ಟಿನ ಬಳಿ ಮಾತ್ರ ತ್ರಿಕೋನಾಕಾರದ ಹಸುರು ಉಳಿಯುತ್ತದೆ. ಸುಣ್ಣಭೂಮಿಯಲ್ಲಿ ಎಳೆಯ ಎಲೆಗಳು ಹಳದಿಯಾದರೆ ಕೊರತೆ ಬಹುಮಟ್ಟಿಗೆ ಕಬ್ಬಿಣದ್ದು. ಈ ಭೇದವನ್ನರಿಯದ ಬೆಳೆಗಾರನಿಗೆ ಹಣವೂ ಫಸಲೂ ನಷ್ಟ.

ಅಮೆರಿಕದ ಫ್ಲಾರಿಡಾದಲ್ಲಿ ಆಮ್ಲಗುಣದ ಮರಳುಮಣ್ಣಿಗೆ ಡಾಲಮೈಟ್ ಬೆರೆಸಿ ಈ ಕೊರತೆಯನ್ನು ನೀಗಿಸುತ್ತಾರೆ. ಅಲ್ಲಿಯದೇ ಸುಣ್ಣಮಣ್ಣಿನ ತೋಟಗಳಲ್ಲಿ ಡಾಲಮೈಟ್ ಸುಲಭವಾಗಿ ಕರಗದು. ಕರಗುವ ಮೆಗ್ನೀಸಿಯಂ ಸಲ್ಫೇಟನ್ನು ಹಾಕಿದರೂ ಮಣ್ಣಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ ಬೇರಿನ ಬಳಿ ಅದಕ್ಕೆ ಎದುರಾಳಿಯಾಗಿ ನಿಲ್ಲುತ್ತದೆ. ಆದುದರಿಂದ ವಸಂತದ ಹೊಸ ಎಲೆಗಳು ಹರಡಿಕೊಳ್ಳುತ್ತಿರುವಾಗ ಮೆಗ್ನೀಸಿಯಂ ನೈಟ್ರೇಟ್ ದ್ರಾವಣವನ್ನು ಅವುಗಳಿಗೆ ಸಿಂಪಡಿಸುವರು. ಬೇರು ಪಡೆಯಲಾರದುದನ್ನು ಎಲೆಯೇ ಹೀರಿಕೊಳ್ಳುತ್ತದೆ. ಗೊಬ್ಬರಕ್ಕೆ ಮೊದಲು ಮಣ್ಣಿನ ಪರೀಕ್ಷೆಯಾಗಬೇಕೆಂಬುದಕ್ಕೆ ನಮಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.