ಏರಿಯ ಇಳಿಜಾರು, ಎಳೆಯರ ಸೈಕಲ್ಲು

ಕಳೆದ ತಿಂಗಳು ನಮ್ಮ ಚಿಕಿತ್ಸಾಲಯಕ್ಕೆ ಹಿರೇಹಡಗಲಿಯ ಯುವಕನೊಬ್ಬ ಬಂದು ಕುಳಿತನು. ಸೈಕಲ್ ದುರಸ್ತಿಯ ಕಸುಬು ಆತನದು. ಕಾಯಿಲೆಯೇನೂ ಇರಲಿಲ್ಲ. ತಮ್ಮ ಹೊಲದ ಅಂಚಿನಲ್ಲಿ ಓಣಿಯ ಹುಡುಗರಿಗೆಂದು ಬಿಎಂಎಕ್ಸ್ ಓಟದ ಚಿಕ್ಕ ಹಾದಿಯೊಂದನ್ನು ಮಾಡುತ್ತಿರುವುದಾಗಿಯೂ, ಮನೆಗಳವರು ಮಕ್ಕಳನ್ನು ಕಳುಹಿಸಲು ಒಪ್ಪುತ್ತಿಲ್ಲವೆಂದೂ ಹೇಳಿ, "ನೀವೊಂದು ಮಾತು ಹೇಳಿದ್ರ ಕೇಳ್ತಾರ್ರಿ ಡಾಕ್ಟ್ರೇ" ಎಂದನು. ಅಂಗಿ ಎತ್ತದಿದ್ದರೂ ಆತನ ಎಡಪಕ್ಕೆಯ ಕೆಳಗಿರುವ ಕಲೆ ನಮ್ಮ ಕಣ್ಣ ಮುಂದೆ ಬಂತು. ಆ ಕಲೆಯ ಕಥೆಯನ್ನು ಮೊದಲು ಹೇಳಿಯೇ ಈ ಲೇಖನವನ್ನು ಮುಂದುವರಿಸಬೇಕು. ಅದರಲ್ಲಿ ತಪ್ಪು ನಮ್ಮದಿತ್ತು.

ಆಗ ಆತನಿಗೆ ಹನ್ನೊಂದು ವರ್ಷ. ಕೆರೆಯ ಏರಿಯಿಂದ ಸೈಕಲ್ಲನ್ನು ಇಳಿಬಿಡುವ ಆಟದಲ್ಲಿ ಮುಂದಿನ ಗಾಲಿ ಕಲ್ಲಿಗೆ ತಗುಲಿ, ಹ್ಯಾಂಡಲ್ ತಿರುಗಿ, ಅದರ ತುದಿ ಹೊಟ್ಟೆಗೆ ನೆಟ್ಟಿತ್ತು. ಹಿಡಿಕೆಯ ರಬ್ಬರು ಎಂದೋ ಹರಿದುಹೋಗಿ ಬರಿಯ ಕಬ್ಬಿಣದ ಕೊಳವೆ ಹೊರಗಿತ್ತು. ತಾಯಿ ಕೈಹಿಡಿದು ಕರೆತಂದಾಗ ಹುಡುಗ ನಡೆದೇ ಬಂದಿದ್ದನು. ಪಕ್ಕೆಯ ಕೆಳಗೆ ರೂಪಾಯಿ ನಾಣ್ಯದಷ್ಟು ದುಂಡನೆಯ ಕೆಂಪು ಗುರುತು, ರಕ್ತವಿಲ್ಲ, ಗಾಯವಿಲ್ಲ. ನಾವು ನಾಡಿ ನೋಡಿ, ಲೇಪ ಹಚ್ಚಿ, ಎರಡು ದಿನ ಮಲಗಿರಲಿ ಎಂದು ಹೇಳಿ ಕಳುಹಿಸಿದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ತಾಯಿ ಪಕ್ಕದ ಮನೆಯವರನ್ನು ಕಳುಹಿಸಿದ್ದರು: "ಎಡಗಡಿ ಭುಜ ನೋಯ್ತೈತಂತ್ರಿ, ತಿಕ್ಕಾಕ ಎಣ್ಣಿ ಕೊಡಬೇಕಂತ್ರಿ."

ಭುಜ ಎಂಬ ಮಾತು ಕೇಳಿದೊಡನೆ ನಮ್ಮ ಎದೆ ಝಲ್ಲೆಂದಿತು. ಬಿದ್ದ ಹುಡುಗನಿಗೆ ಭುಜಕ್ಕೆ ಪೆಟ್ಟೇ ಆಗಿರಲಿಲ್ಲ. ಎಡಪಕ್ಕೆಯೊಳಗಿನ ಪ್ಲೀಹ ಹರಿದು ರಕ್ತ ಒಳಗೇ ಸೋರಿದಾಗ ಅದು ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಕುತ್ತಿಗೆಯಿಂದ ಇಳಿದು ಬರುವುದರಿಂದ ನೋವು ಎಡಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲೇಜಿನಲ್ಲಿ ಓದಿದ್ದ ಈ ಪಾಠ ಬೆಳಿಗ್ಗೆ ನಮಗೆ ನೆನಪಾಗಲಿಲ್ಲ. ಓಡಿಹೋಗಿ ನೋಡಿದರೆ ಹುಡುಗ ಬಿಳಿಚಿದ್ದನು, ಅಂಗೈ ತಣ್ಣಗೆ ಬೆವರಿತ್ತು, ನಾಡಿ ಎಣಿಸಲಾಗದಷ್ಟು ವೇಗವಾಗಿತ್ತು. ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನಿಂಗ್ ಆಯಿತು, ರಕ್ತ ಕೊಟ್ಟರು, ಆರು ದಿನ ಕದಲದಂತೆ ಮಲಗಿಸಿದರು. ಶಸ್ತ್ರಕ್ರಿಯೆ ಬೇಕಾಗಲಿಲ್ಲ, ಪ್ಲೀಹವೂ ಉಳಿಯಿತು. ಆ ರಾತ್ರಿ ತಾಯಿಯು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ನಮಗೆ ಈಗಲೂ ಅನ್ನಿಸುವುದುಂಟು.

ಆದುದರಿಂದ ಯುವಕನ ಕೋರಿಕೆ ಕೇಳಿದಾಗ ಮೊದಲು ಬಾಯಿಗೆ ಬಂದ ಉತ್ತರ ಬೇಡವೆಂಬುದೇ. ಆದರೆ ನಮ್ಮ ಊರುಗಳ ಮಕ್ಕಳು ಏರಿಯಿಂದ ಸೈಕಲ್ ಇಳಿಬಿಡುವುದನ್ನು ಯಾರಾದರೂ ನಿಲ್ಲಿಸಿದ್ದಾರೆಯೇ? 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿದ ಮೇಲೆ ಸೈಕಲ್ಲಿಲ್ಲದ ಓಣಿಯೇ ಇಲ್ಲವಾಯಿತು. ಶಾಲೆಗೆ ಹೋಗಲು ಕೊಟ್ಟ ಸೈಕಲ್ಲು ಶಾಲೆ ಬಿಟ್ಟ ಮೇಲೆ ಏರಿ ಹತ್ತುತ್ತದೆ. ಕಲ್ಲುಮುಳ್ಳಿನ ಏರಿಗಿಂತ ಅಳೆದು ಮಾಡಿದ ಹಾದಿ, ನೋಡಿಕೊಳ್ಳುವ ಹಿರಿಯನೊಬ್ಬ ಮೇಲಲ್ಲವೇ ಎಂದು ಯೋಚಿಸುತ್ತಾ ಈ ಆಟದ ಬಗ್ಗೆ ಓದತೊಡಗಿದೆವು.

ಬಿಎಂಎಕ್ಸ್ ಎಂದರೆ ಬೈಸಿಕಲ್ ಮೋಟೋಕ್ರಾಸ್. 1970ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಮೋಟಾರ್ ಸೈಕಲ್ ಓಡಿಸುವ ಹಿರಿಯರನ್ನು ನೋಡಿ ಮಕ್ಕಳು ತಮ್ಮ ಪುಟ್ಟ ಸೈಕಲ್ಲುಗಳಲ್ಲಿ ಹಾಗೆಯೇ ಆಡಿದರು; ಆಟ ಹುಟ್ಟಿದ್ದು ಹೀಗೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸೇರಿತು. ಎಂಟು ಮಂದಿ ಎತ್ತರದ ಕಟ್ಟೆಯ ಮೇಲಿನ ಗೇಟಿನಿಂದ ಒಟ್ಟಿಗೆ ಇಳಿದು, ದಿಬ್ಬಗಳನ್ನೂ ವಾಲಿದ ತಿರುವುಗಳನ್ನೂ ದಾಟಿ, ಮುನ್ನೂರು ನಾಲ್ಕುನೂರು ಮೀಟರಿನ ಹಾದಿಯನ್ನು ಅರ್ಧ ನಿಮಿಷದ ಆಚೀಚೆಗೆ ಮುಗಿಸುತ್ತಾರೆ. ನಮ್ಮ ನಾಡಿನಲ್ಲಿ ಸೈಕಲ್ ಸ್ಪರ್ಧೆಯೆಂದರೆ ವಿಜಯಪುರ, ಬಾಗಲಕೋಟೆಗಳ ಹೆಸರು ಮುಂದೆ ಬರುತ್ತದೆ. ಅಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾನಿಲಯಗಳಿವೆ, ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾಶಾಲೆಯಿದೆ. ಅಲ್ಲಿನ ಒಕ್ಕಲು ಮಕ್ಕಳು ರಾಷ್ಟ್ರಮಟ್ಟದ ಪದಕ ತಂದವರು. ಆದರೆ ಅದು ಹೆಚ್ಚಾಗಿ ರಸ್ತೆಯ ಓಟ, ದೂರದ ದಮ್ಮು. ಬಿಎಂಎಕ್ಸ್‌ಗೆ ಬೇಕಾದದ್ದು ಕ್ಷಣದ ಬಲ, ತೂಕ ಹಿಡಿಯುವ ಚಾತುರ್ಯ.

ಅಪಾಯವಿಲ್ಲವೆಂದು ಹೇಳಲು ನಾವು ಸಿದ್ಧರಿಲ್ಲ. ಆಸ್ಟ್ರೇಲಿಯಾದ ಕಾಯ್ ಸಕಾಕಿಬಾರಾ ಎಂಬ ಓಟಗಾರ 2020ರ ಸ್ಪರ್ಧೆಯೊಂದರಲ್ಲಿ ಬಿದ್ದು ಮಿದುಳಿಗೆ ತೀವ್ರ ಪೆಟ್ಟಾಗಿ ಆಟವನ್ನೇ ಬಿಡಬೇಕಾಯಿತು. ತಂಗಿ ಸಾಯಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾನೂ ಬಿದ್ದಳು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನ ಗೆದ್ದಳು. ಇಬ್ಬರೂ ಮುಖ ಮುಚ್ಚುವ ಹೆಲ್ಮೆಟ್ ಧರಿಸಿದ್ದವರೇ. ಹೀಗಿರುವಾಗ ಬರಿದಲೆಯ ನಮ್ಮ ಮಕ್ಕಳ ವಿಷಯ ಹೇಳಬೇಕೆ?

ಆರಂಭಿಸುವವರಿಗೆ ಸಾವಿರಾರು ರೂಪಾಯಿಯ ಸೈಕಲ್ ಅಗತ್ಯವಿಲ್ಲ. ಬಿಎಂಎಕ್ಸ್ ಸೈಕಲ್ಲಿನ ಗಾಲಿ ಸಾಮಾನ್ಯವಾಗಿ 20 ಇಂಚಿನದು, ಗೇರು ಒಂದೇ, ಬ್ರೇಕು ಹಿಂದಿನ ಗಾಲಿಗೆ, ಸೀಟು ತಗ್ಗು. ಓಟದಲ್ಲಿ ಸೀಟಿನ ಮೇಲೆ ಕೂರುವಂತೆಯೇ ಇಲ್ಲ. 20 ಇಂಚಿನ ಗಟ್ಟಿ ಸೈಕಲ್ಲಿದ್ದರೆ ಕ್ಯಾರಿಯರ್, ಸ್ಟ್ಯಾಂಡ್ ಬಿಚ್ಚಿ, ನಟ್ಟುಗಳನ್ನು ಬಿಗಿದು ಅದರಲ್ಲೇ ಕಲಿಯಬಹುದು. ಆದರೆ ಅಂಥ ಸೈಕಲ್ಲಿನಲ್ಲಿ ನೆಲ ಬಿಟ್ಟು ಹಾರಕೂಡದು, ಅದರ ಚೌಕಟ್ಟು ಆ ಪೆಟ್ಟನ್ನು ತಾಳುವುದಿಲ್ಲ. ಎಲ್ಲಕ್ಕಿಂತ ಮೊದಲು ಹ್ಯಾಂಡಲಿನ ಎರಡೂ ತುದಿಗೆ ರಬ್ಬರ್ ಹಿಡಿಕೆಯೂ ಬಿರಡೆಯೂ ಭದ್ರವಾಗಿರಬೇಕು. ಹತ್ತಿಪ್ಪತ್ತು ರೂಪಾಯಿಯ ವಸ್ತುವದು. ಅದಿಲ್ಲದೆಯೇ ಅಂದು ನಾವು ರಾತ್ರಿಯೆಲ್ಲ ಜೀಪಿನಲ್ಲಿ ಓಡಿದ್ದು.

ತಲೆಗೆ ಅಳತೆ ಸರಿಯಿರುವ ಹೆಲ್ಮೆಟ್, ಗದ್ದದ ಪಟ್ಟಿ ಬಿಗಿದು. ಓಟಕ್ಕಿಳಿಯುವುದಾದರೆ ಮುಖ ಮುಚ್ಚುವಂಥದೇ ಆಗಬೇಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು, ಸೀಳು ಕಾಣದಿದ್ದರೂ, ಮತ್ತೆ ಬಳಸಬಾರದು. ತುಂಬುತೋಳಿನ ಅಂಗಿ, ಉದ್ದನೆಯ ಪ್ಯಾಂಟು, ಕೈಗವಸು, ಮೊಣಕಾಲು ಮೊಣಕೈಗೆ ಕಾಪು, ಬೂಟು. ಚಪ್ಪಲಿ ಸಲ್ಲದು. ಹೆಣ್ಣುಮಕ್ಕಳೂ ಕಲಿಯಲಿ, ದುಪಟ್ಟಾ ಮನೆಯಲ್ಲಿರಲಿ.

ಹಾದಿಯ ಮಣ್ಣಿನ ವಿಷಯದಲ್ಲಿ ಆ ಯುವಕನೇ ನಮಗೆ ಗುರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಗಾಲಿಗೆ ಮೆತ್ತುತ್ತದೆ. ಆತ ಗರಸು ಹೇರಿಸಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಮೊಣಕಾಲೆತ್ತರವನ್ನೂ ಮುಟ್ಟದ ನಾಲ್ಕು ದಿಬ್ಬ ಮಾಡಿದ್ದಾನೆ. ಮೊದಲ ವಾರ ದಿಬ್ಬವೇ ಇಲ್ಲ. ಸಮನೆಲದಲ್ಲಿ ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು ನಿಂತು, ಮೊಣಕೈ ಮೊಣಕಾಲು ಸಡಿಲ ಬಾಗಿಸಿ ಸಾಗುವುದು, ಗೆರೆಯ ಬಳಿ ಬ್ರೇಕು ಹಿಡಿದು ನಿಲ್ಲುವುದು. ಬಳಿಕ ಒಂದು ದಿಬ್ಬ: ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲು ಚಾಚಿ ಸೈಕಲ್ಲನ್ನು ಕೆಳಕ್ಕೆ ಒತ್ತಿದರೆ ತುಳಿಯದೆಯೇ ವೇಗ ಬರುತ್ತದೆ. ಉಯ್ಯಾಲೆ ಜೀಕಿದವರಿಗೆ ಇದು ತಾನಾಗಿ ತಿಳಿಯುತ್ತದೆ. ಹಾರುವುದು ತಿಂಗಳುಗಳ ಮಾತು.

ಇನ್ನು ನಮ್ಮ ಶಾಸ್ತ್ರದ ಮಾತು. ಬಲವಿದ್ದು ಜಿಡ್ಡಿನ ಆಹಾರ ಉಣ್ಣುವವರು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದು ಅಷ್ಟಾಂಗಹೃದಯ ವಿಧಿಸುತ್ತದೆ. ಹಣೆ, ಕಂಕುಳು ಬೆವರಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಆಯಿತೆಂದು ತಿಳಿಯಬೇಕು. ನಮ್ಮ ಸೀಮೆಯ ಬಿಸಿಲಿಗೆ ಇದು ತಕ್ಕ ಮಾತು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಆಟ ಮುಗಿಯಲಿ. ರೊಟ್ಟಿ ಉಂಡು ಎರಡು ತಾಸಾದರೂ ಕಳೆದಿರಲಿ. ನಡುನಡುವೆ ನೀರು, ಆಟದ ನಂತರ ಉಪ್ಪು ಬೆರೆಸಿದ ಮಜ್ಜಿಗೆ. ವಾರಕ್ಕೊಮ್ಮೆ ಎಳ್ಳೆಣ್ಣೆ ತಿಕ್ಕಿ ಬಿಸಿನೀರು ಎರೆಯುವ ತಾಯಂದಿರ ಪದ್ಧತಿಯನ್ನು ಬಿಡಬೇಡಿ.

ಆದರೆ ಬಿದ್ದ ದಿನ ಎಣ್ಣೆ ತಿಕ್ಕಬೇಡಿ. ಹ್ಯಾಂಡಲ್ ಹೊಟ್ಟೆಗೆ ತಗುಲಿದ್ದರೆ, ಗುರುತು ಎಷ್ಟೇ ಚಿಕ್ಕದಿರಲಿ, ಹುಡುಗ ನಗುತ್ತಲೇ ಇರಲಿ, ಅಂದೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ಲೀಹ, ಯಕೃತ್ತು, ಮೇದೋಜೀರಕ, ಕರುಳು ಇವುಗಳ ಗಾಯ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಡವಾಗಿ ಹೊರಗೆ ಕಾಣುತ್ತದೆ. ಭುಜನೋವು, ವಾಂತಿ, ಬಿಳಿಚುವಿಕೆ, ಹೊಟ್ಟೆ ಬಿಗಿಯುವುದು ಕಂಡರೆ 108ಕ್ಕೆ ಕರೆ ಮಾಡಿ. ತಿನ್ನಲು ಏನನ್ನೂ ಕೊಡಬೇಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಹೇಳಿದ್ದನ್ನೇ ಹೇಳುವುದು ಇದ್ದರೂ ಹಾಗೆಯೇ. ಮಣಿಕಟ್ಟು ಊದಿದರೆ ನೇರವಾದ ಬಿದಿರ ದಬ್ಬೆಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಎಕ್ಸ್‌ರೇಗೆ ಒಯ್ಯಿರಿ. ಬಿಗಿಯಾದ ಕಟ್ಟು ಕೂಡದೆಂದು ಸುಶ್ರುತನೂ ಎಚ್ಚರಿಸಿದ್ದಾನೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಯಾರು ಕಟ್ಟಿದ ಕಟ್ಟಾದರೂ ಆ ಕ್ಷಣವೇ ಬಿಚ್ಚಬೇಕು.

ಕಳೆದ ಭಾನುವಾರ ನಾವು ಹೋಗಿ ನೋಡಿ ಬಂದೆವು. ಮೂರನೆಯ ದಿಬ್ಬ ತುಸು ಎತ್ತರವಾಯಿತೆಂದು ಹೇಳಿದೆವು, ತಗ್ಗಿಸುತ್ತೇನೆಂದನು. ಐದು ಹುಡುಗರು, ಇಬ್ಬರು ಹುಡುಗಿಯರು, ಹೆಲ್ಮೆಟ್ ಮೂರೇ ಇದ್ದುದರಿಂದ ಸರದಿಯಲ್ಲಿ ಮೂವರಷ್ಟೇ ಇಳಿಯುತ್ತಿದ್ದರು. ಬೇಲಿಯ ಬಳಿ ಆತನ ತಾಯಿ ಕುಳಿತಿದ್ದರು. ಆತ ಅಂಗಡಿಯಿಂದ ತಂದ ಡಬ್ಬಿಯ ತುಂಬ ರಬ್ಬರ್ ಬಿರಡೆಗಳಿದ್ದವು. ಒಳಬರುವ ಪ್ರತಿ ಸೈಕಲ್ಲಿನ ಹ್ಯಾಂಡಲ್ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇಲ್ಲದಿದ್ದರೆ ತಾನೇ ಬಡಿದು ಕೂರಿಸುತ್ತಿದ್ದನು. ದುಡ್ಡೆಷ್ಟೆಂದು ಕೇಳಿದರೆ ಹೇಳಲಿಲ್ಲ.