ರೈಫಲ್ ಸ್ಕ್ರೂಗೆ ಬೈಕ್ ಗ್ಯಾರೇಜಿನ ವ್ರೆಂಚ್ ಯಾಕಾಗಲ್ಲ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ರೈಲ್ವೆ ಟಿಕೆಟ್ ಪರೀಕ್ಷಕ ಅಂತ ಹೆಮ್ಮೆಪಟ್ವಿ. ಅಂಥ .22 ರೈಫಲ್ಲುಗಳಲ್ಲಿ ನಳಿಕೆ ಕೂತಿರುವ ಲೋಹದ ಭಾಗವನ್ನು, ಭುಜಕ್ಕೆ ಆನಿಸುವ ಸ್ಟಾಕ್‌ಗೆ ಸಾಮಾನ್ಯವಾಗಿ ಹಿಡಿದಿಡೋದು ಎರಡೇ ಸ್ಕ್ರೂ. ಇವು ಸಡಿಲ ಆದ್ರೆ ಪ್ರತಿ ಗುಂಡಿಗೂ ರೈಫಲ್ ಬೇರೆ ಬೇರೆ ಥರ ಅದುರುತ್ತೆ, ಗುಂಡುಗಳು ಚದುರಿ ಬೀಳುತ್ತವೆ. ಶೂಟರ್ ಮಾತ್ರ ತನ್ನ ಕೈಯನ್ನೇ ಬೈಕೊಳ್ತಾ ಇರ್ತಾನೆ.

ಕೆಲ ವರ್ಷಗಳ ಹಿಂದೆ ನಮ್ಮ ಕ್ಲಬ್ಬಿನ ರೈಫಲ್‌ಗೂ ಹೀಗೇ ಆಗಿತ್ತು. ನಾನು ಜಾಣ ಅಂದ್ಕೊಂಡು ಪಕ್ಕದ ಬೈಕ್ ಗ್ಯಾರೇಜಿನಿಂದ ಟಾರ್ಕ್ ವ್ರೆಂಚ್ ತಂದೆ. ಮ್ಯಾನುಯಲ್‌ನಲ್ಲಿದ್ದದ್ದು 5 ನ್ಯೂಟನ್ ಮೀಟರ್. ವ್ರೆಂಚಿನ ಅಳತೆ ಶುರುವಾಗೋದೇ 10ರಿಂದ. 10ರ ಗೆರೆಗಿಂತ ಕೆಳಗೆ ಅಂದಾಜಿನಲ್ಲಿ ತಿರುಗಿಸಿಟ್ಟು, 'ಕ್ಲಿಕ್' ಅನ್ನುತ್ತೆ ಅಂತ ಬಿಗಿಯುತ್ತಾ ಹೋದೆ. ಕ್ಲಿಕ್ ಬರಲಿಲ್ಲ, ಒಳಗಿನ ಥ್ರೆಡ್ ಕಿತ್ತು ಬಂತು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು. ನಿಯಮ ಸರಿಯಾಗೇ ಇದೆ. ಆದ್ರೆ ಕಾಯೋ ಕಷ್ಟ ಬೀಳೋದು ಸ್ವಂತ ರೈಫಲ್ ಇಲ್ಲದವರ ಮೇಲೆ. ಆ ಒಂದು ರೈಫಲ್ ಹಂಚಿಕೊಳ್ಳುತ್ತಿದ್ದ ಮೂವರು ಜೂನಿಯರ್‌ಗಳು ಒಂದೂವರೆ ತಿಂಗಳು ಸುಮ್ಮನೆ ಕೂತ್ರು. ಅವರಲ್ಲೊಬ್ಬಳಿಗೆ ಅದೇ ತಿಂಗಳು ಸೆಲೆಕ್ಷನ್ ಇತ್ತು.

ಹಾಗಾಗಿ ವ್ರೆಂಚ್ ಕೊಳ್ಳುವಾಗ ಬ್ರ್ಯಾಂಡ್ ಆಮೇಲೆ, ಮೊದಲು ಅಳತೆಯ ವ್ಯಾಪ್ತಿ ನೋಡಿ. ನಿಮಗೆ ಬೇಕಾದ ಸಂಖ್ಯೆ ಆ ವ್ಯಾಪ್ತಿಯ ನಡುವೆ ಎಲ್ಲೋ ಬರಬೇಕು. ತೀರಾ ತುದಿಗಳಲ್ಲಿ ಅಳತೆಯನ್ನು ನಂಬೋದು ಕಷ್ಟ. ಸ್ಟಾಕ್ ಸ್ಕ್ರೂಗೆ ಸೈಕಲ್ ಅಂಗಡಿಯಲ್ಲಿ ಸಿಗೋ 2ರಿಂದ 14 ನ್ಯೂಟನ್ ಮೀಟರ್‌ನ ಸಣ್ಣ ವ್ರೆಂಚ್ ಧಾರಾಳ ಸಾಕು. 'ಗನ್‌ಸ್ಮಿತ್' ಅಂತ ಬರೆದ ದುಬಾರಿ ಪೆಟ್ಟಿಗೆ ಬೇಕಿಲ್ಲ. ಸ್ಕೋಪ್ ರಿಂಗಿನ ಸ್ಕ್ರೂಗಳ ಕಥೆ ಬೇರೆ. ಅವಕ್ಕೆ ಸಾಮಾನ್ಯವಾಗಿ ಹೇಳೋದು 15ರಿಂದ 20 ಇಂಚ್-ಪೌಂಡ್, ಅಂದ್ರೆ ಸುಮಾರು 2 ನ್ಯೂಟನ್ ಮೀಟರ್. ಅಲ್ಲಿ ಸೈಕಲ್ ವ್ರೆಂಚೂ ದೊಡ್ಡದೇ, ಟಾರ್ಕ್ ಸ್ಕ್ರೂಡ್ರೈವರ್ ಬೇಕು.

ಯೂನಿಟ್ ಬಗ್ಗೆ ಹುಷಾರು. ಇಂಚ್-ಪೌಂಡನ್ನು 8.85ರಿಂದ ಭಾಗಿಸಿದ್ರೆ ನ್ಯೂಟನ್ ಮೀಟರ್ ಸಿಗುತ್ತೆ. ಇಂಚ್-ಪೌಂಡ್ ಇದ್ದಲ್ಲಿ ಫುಟ್-ಪೌಂಡ್ ಅಂತ ಓದಿಕೊಂಡ್ರೆ ಹನ್ನೆರಡು ಪಟ್ಟು ತಪ್ಪು! ಇನ್ನೊಂದು, ಥ್ರೆಡ್ ಒಣಗಿದೆಯಾ, ಎಣ್ಣೆ ತಾಗಿದೆಯಾ ನೋಡಿ. ನಾವು ಹಾಕುವ ಬಲದ ಬಹುಪಾಲು ಘರ್ಷಣೆಗೇ ಹೋಗುತ್ತೆ, ಎಣ್ಣೆ ಇದ್ರೆ ಅದೇ ಸಂಖ್ಯೆಯಲ್ಲಿ ಸ್ಕ್ರೂ ಇನ್ನೂ ಜಾಸ್ತಿ ಬಿಗಿಯಾಗುತ್ತೆ. ಕ್ಲಿಕ್ ವ್ರೆಂಚಾದ್ರೆ ಕೆಲಸ ಮುಗಿದ ಮೇಲೆ ಕನಿಷ್ಠ ಗೆರೆಗೆ ತಂದಿಡಿ, ಇಲ್ಲಾಂದ್ರೆ ಸ್ಪ್ರಿಂಗ್ ಸೋಲುತ್ತೆ. ಮುಳ್ಳು ತೋರಿಸೋ ಬೀಮ್ ವ್ರೆಂಚಿಗೆ ಈ ರಗಳೆ ಇಲ್ಲ, ನೋಡೋಕೆ ಹಳೇ ಸಾಮಾನು ಅಷ್ಟೇ. ಇದಕ್ಕೆಲ್ಲ ಮುಂಚೆ ಚೇಂಬರ್ ಖಾಲಿ ಇದೆಯಾ ಅಂತ ಎರಡು ಸಲ ನೋಡೋದನ್ನ ನಾನು ಹೇಳಬೇಕಾಗಿಲ್ಲ, ಆದ್ರೂ ಹೇಳ್ತೀನಿ.

ಈಗ ನಮ್ಮ ಕ್ಲಬ್ಬಿಗೂ ಒಂದು ವ್ರೆಂಚ್ ಬಂದಿದೆ. ಗೋಡೆ ಮೇಲೆ, ಯಾವ ರೈಫಲ್‌ಗೆ ಎಷ್ಟು ಅಂತ ಬರೆದಿರೋ ಹಾಳೆಯ ಪಕ್ಕ ನೇತು ಹಾಕಿದೀವಿ. ಕಾರ್ಯದರ್ಶಿಗಳು ಅದನ್ನ ತಮ್ಮ ಬೀರುವಲ್ಲಿಟ್ಟು ಬೀಗ ಹಾಕ್ತೀನಿ ಅಂದ್ರು. ಜೂನಿಯರ್‌ಗಳು ಬಿಡಲಿಲ್ಲ.